23 ಕಿಲೋದೊಳಗೆ ಒಂದು ಸೆಮಿಸ್ಟರ್

ಟ್ಯೂಬಿಂಗನ್ನಿನ ಹಾಸ್ಟೆಲ್ ಕೋಣೆಯಲ್ಲಿ ಸೂಟ್‌ಕೇಸನ್ನು ಮೂರನೇ ಸಲ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿದೆ. 24.6 ಕಿಲೋ. ವಿಮಾನದವರು ಬಿಡುವುದು 23. ಹೋಗುವಾಗ ಚಟ್ನಿಪುಡಿ, ರೊಟ್ಟಿ ತುಂಬಿಕೊಂಡು ಹೋಗಿದ್ದ ಅದೇ ಪೆಟ್ಟಿಗೆ. ತಿಂದು ಮುಗಿಸಿದ ಮೇಲೆ ಹಗುರಾಗಬೇಕಿತ್ತಲ್ಲ? ಅರ್ಧ ತಾಸು ತೆಗೆದಿಟ್ಟು, ಇಟ್ಟು ತೆಗೆದು ಮಾಡಿದ ಮೇಲೆ ಚಳಿಗಾಲದ ಬೂಟು ಹೊರಗೆ ಬಿತ್ತು. ಕಲ್ಲು ಒಳಗೇ ಉಳಿಯಿತು.

ಕಲ್ಲು ಅಂದರೆ ಕಲ್ಲೇ. ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್‌ಸಿ. ಓದುತ್ತಿರುವ ನಾನು 2024ರ ಅಕ್ಟೋಬರಿನಿಂದ 2025ರ ಮಾರ್ಚ್‌ವರೆಗೆ ಒಂದು ಸೆಮಿಸ್ಟರನ್ನು ದಕ್ಷಿಣ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಕಳೆದೆ. ನೆಕ್ಕರ್ ನದಿಯ ದಂಡೆಯ ಪುಟ್ಟ ಊರು, 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಊರಿನ ತೆಂಕಣ ದಿಕ್ಕಿಗೆ ಶ್ವೇಬಿಷ್ ಆಲ್ಬ್ ಎಂಬ ಸುಣ್ಣಗಲ್ಲಿನ ಬೆಟ್ಟಸಾಲು. ಅದು ಜುರಾಸಿಕ್ ಕಾಲದ ಸಮುದ್ರದ ತಳ. ಕ್ಷೇತ್ರಪ್ರವಾಸಕ್ಕೆ ಹೋದಾಗ ಸಿಕ್ಕ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಅಮೋನೈಟ್ ಪಳೆಯುಳಿಕೆಯ ತುಣುಕೇ ಆ ಕಲ್ಲು. ವಯಸ್ಸು ಹದಿನೈದು ಕೋಟಿ ವರ್ಷದ ಆಸುಪಾಸು. ಅದನ್ನು ಬಿಟ್ಟು ಬೂಟು ತರುವುದುಂಟೇ?

ಅಲ್ಲಿ ಒಂದು ತರಗತಿಯಲ್ಲಿ ಪ್ರೊಫೆಸರು ಜಗತ್ತಿನ ಅತಿ ಹಳೆಯ ಶಿಲೆಗಳ ನಕ್ಷೆ ತೋರಿಸಿದರು. ಅದರಲ್ಲಿ 'ಧಾರವಾಡ' ಎಂದಿತ್ತು. ದಕ್ಷಿಣ ಭಾರತದ ಆ ಪ್ರಾಚೀನ ಶಿಲಾಸ್ತೋಮಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರೇ ಅದು; ಅಲ್ಲಿಯ ಶಿಲೆಗಳು 250 ಕೋಟಿ ವರ್ಷಕ್ಕೂ ಹಿಂದಿನವು. ನಾನು ಕೈ ಎತ್ತಿ "ಅದು ನಮ್ಮೂರು" ಅಂದೆ. ಎಲ್ಲರೂ ತಿರುಗಿ ನೋಡಿದರು. ಆರು ತಿಂಗಳಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದೇ, ಅದೂ ಕಲ್ಲಿನ ದೆಸೆಯಿಂದ.

ಪರದೇಶಕ್ಕೆ ಓದಲು ಹೊರಟವರಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ವೀಸಾ, ವಿಮೆ, ಸ್ವೆಟರು, ಕುಕ್ಕರು, ಎಲ್ಲಕ್ಕೂ ಒಬ್ಬೊಬ್ಬ ಪರಿಣತರು. ಬಿಟ್ಟು ಬರುವುದಕ್ಕೂ ಅಷ್ಟೇ ಕೆಲಸವಿದೆ ಎಂದು ನನಗೆ ಗೊತ್ತಾದದ್ದು ಫೆಬ್ರವರಿಯಲ್ಲಿ, ಪರೀಕ್ಷೆಗಳ ನಡುವೆ. ಜರ್ಮನಿಯಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ದೇಶ ಬಿಡುವಾಗ ಅದೇ ಕಚೇರಿಯಲ್ಲಿ ಹೆಸರು ಕಡಿಸಬೇಕು. ಹೊರಡುವ ಒಂದು ವಾರ ಮೊದಲಿನಿಂದ ಹೊರಟ ಎರಡು ವಾರದವರೆಗೆ ಅದಕ್ಕೆ ಅವಕಾಶ. ಆ ಚೀಟಿ ಕೈಲಿದ್ದರೆ ಮಿಕ್ಕ ಬಾಗಿಲುಗಳನ್ನು ಮುಚ್ಚುತ್ತ ಬರಬಹುದು. ಅವುಗಳಲ್ಲಿ ಒಂದು ರೇಡಿಯೊ ತೆರಿಗೆ. ಮನೆಯಲ್ಲಿ ರೇಡಿಯೊ, ಟಿ.ವಿ. ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ನಾಲ್ವರು ಕೂಡಿ ಇದ್ದ ನಮ್ಮ ಮನೆಯಲ್ಲಿ ಆ ಖಾತೆ ನನ್ನ ಹೆಸರಿಗಿತ್ತು. ಅದನ್ನು ಚಿಲಿ ದೇಶದ ಗೆಳತಿಯ ಹೆಸರಿಗೆ ದಾಟಿಸದೆ ಬಂದಿದ್ದರೆ ಧಾರವಾಡದಲ್ಲಿ ಕೂತು ಕೇಳದ ರೇಡಿಯೊಕ್ಕೆ ರೊಕ್ಕ ಕಟ್ಟುತ್ತಿದ್ದೆ.

ಆಮೇಲೆ ಕೋಣೆ ಒಪ್ಪಿಸುವುದು. ಕಟ್ಟಡದ ಉಸ್ತುವಾರಿಯವನು ಬಂದು ನಲ್ಲಿ, ಕಿಟಕಿ, ಗೋಡೆ ನೋಡಿ, ಸರಿ ಇದ್ದರೆ ಮಾತ್ರ ಠೇವಣಿ ಪೂರ್ತಿ ವಾಪಸು. ನಲ್ಲಿಯ ಬಾಯಿಗೆ ಸುಣ್ಣ ಕಟ್ಟಿತ್ತು. ಸುಣ್ಣಗಲ್ಲಿನ ಸೀಮೆ, ನೀರು ಗಡುಸು. ಸುಣ್ಣಗಲ್ಲು ಹೌದೋ ಅಲ್ಲವೋ ನೋಡಲು ನಾವು ಕಲ್ಲಿನ ಮೇಲೆ ಆಮ್ಲದ ಹನಿ ಬಿಟ್ಟು ನೊರೆ ಬರುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಅದೇ ವಿದ್ಯೆಯನ್ನು ವಿನಿಗರ್ ಹಾಕಿ ನಲ್ಲಿಗೆ ಪ್ರಯೋಗಿಸಿದೆ. ಫಳಫಳ ಹೊಳೆಯಿತು. ಅಡಿಗೆಕಟ್ಟೆಯ ಬಿಳಿ ಹಲಗೆಯ ಮೇಲಿನ ಅರಿಷಿಣದ ಕಲೆಗೆ ಮಾತ್ರ ನನ್ನ ಭೂವಿಜ್ಞಾನದಲ್ಲಿ ಮದ್ದಿರಲಿಲ್ಲ. ಅಂಗೈಯಗಲದ ಹಳದಿ. ನವೆಂಬರಿನ ಒಂದು ರಾತ್ರಿ ಸಾರಿಗೆ ಒಗ್ಗರಣೆ ಹಾಕುವಾಗ ಡಬ್ಬಿ ಮಗುಚಿತ್ತು. ಕೇಳುವ ಮೊದಲೇ ತಪ್ಪೊಪ್ಪಿಕೊಂಡೆ. 45 ಯೂರೋ ಕಡಿತ. ಯೂರೋ ಆಗ ತೊಂಬತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ಫೋನಿನಲ್ಲಿ ಅಪ್ಪ ತಡ ಮಾಡದೆ ಗುಣಿಸಿದರು: "ನಾಕ ಸಾವಿರ ರೂಪಾಯಿ ಅರಿಷಿಣಾ! ಮದವಿ ಮನ್ಯಾಗೂ ಇಷ್ಟ ಖರ್ಚ ಆಗಂಗಿಲ್ಲೋ."

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಉಳಿದ ಠೇವಣಿ ಕೈಗೆ ಬರುವುದು ವಾರಗಟ್ಟಲೆ ಕಳೆದ ಮೇಲೆ, ಅದೂ ಅಲ್ಲಿಯ ಬ್ಯಾಂಕ್ ಖಾತೆಗೆ. ನಾನೋ, ಬಹಳ ಶಿಸ್ತಿನವನಂತೆ, ಹೊರಡುವ ಮೊದಲೇ ಖಾತೆ ಮುಚ್ಚಿಸಿ ಕೂತಿದ್ದೆ. ಕೊನೆಗೆ ಚಿಲಿಯವಳ ಖಾತೆಯ ಮೂಲಕವೇ ಬರಬೇಕಾಯಿತು. ಹೋಗುವವರಿದ್ದರೆ ನೆನಪಿಡಿ, ಖಾತೆ ಮುಚ್ಚುವುದು ಎಲ್ಲಕ್ಕಿಂತ ಕಡೆಗೆ.

ರೊಕ್ಕದ ಲೆಕ್ಕ ಹೀಗೆ ಗುಣಿಸಿ ಭಾಗಿಸಿ ಮುಗಿಯುತ್ತದೆ. ಅಂಕಗಳದ್ದು ಹಾಗಲ್ಲ. ಮೇ ತಿಂಗಳಲ್ಲಿ ಅಂಕಪಟ್ಟಿ ಇಮೇಲಿನಲ್ಲಿ ಬಂತು. ಅಪ್ಪ ಕನ್ನಡಕ ಏರಿಸಿ ಓದಿದರು. "ಒಂದು ಪಾಯಿಂಟ್ ಏಳು? ಎಷ್ಟಕ್ಕೋ ಇದು?" ನಾನು ಐದರವರೆಗೆ ಅಂದೆ. ಅವರ ಮುಖ ಇಳಿಯಿತು. ಜರ್ಮನಿಯಲ್ಲಿ ಅಳತೆ ತಲೆಕೆಳಗು: 1.0 ಎಂದರೆ ಅತ್ಯುತ್ತಮ, 4.0 ಎಂದರೆ ಅಂತೂ ಪಾಸು, 5.0 ನಪಾಸು. ಹೊರದೇಶದ ಅಂಕವನ್ನು ತಮ್ಮ ಅಳತೆಗೆ ತರಲು ಅವರು ಬವೇರಿಯನ್ ಸೂತ್ರ ಎಂಬುದೊಂದನ್ನು ಬಳಸುತ್ತಾರೆ. ನಿಮ್ಮ ಅಂಕ ಗರಿಷ್ಠಕ್ಕಿಂತ ಎಷ್ಟು ಕೆಳಗಿದೆ ಎಂದು ನೋಡಿ, ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸುವುದು. ನಾನು ಅದನ್ನು ಉಲ್ಟಾ ಹಾಕಿದೆ. ನಮ್ಮಲ್ಲಿ 10ಕ್ಕೆ 4 ಪಾಸು ಎಂದಿಟ್ಟುಕೊಂಡರೆ 1.7 ಅಂದರೆ 8.6. ಅಪ್ಪನ ಮುಖ ಮತ್ತೆ ಏರಿತು. "ಮೊದಲ ಹಿಂಗ ಹೇಳಬಾರದೇನು?"

ಕ್ರೆಡಿಟ್ಟಿನ ಗಂಟು ಇನ್ನೂ ಬಿಗಿ. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಒಂದೊಂದಕ್ಕೆ 25ರಿಂದ 30 ತಾಸಿನ ದುಡಿಮೆ. ತರಗತಿ ಮಾತ್ರವಲ್ಲ, ಮನೆಯಲ್ಲಿ ಓದಿದ್ದು, ಬರೆದದ್ದು ಎಲ್ಲ ಆ ಲೆಕ್ಕಕ್ಕೆ ಸೇರುತ್ತದೆ. ನಮ್ಮಲ್ಲಿ ಎಣಿಸುವುದು ಹೆಚ್ಚಾಗಿ ತರಗತಿಯ ತಾಸು. ಹೀಗಾಗಿ ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವುದಕ್ಕೆ ಸಮ ಎಂದು ಹೋಗುವ ಮೊದಲೇ ಒಂದು ಒಪ್ಪಂದಪತ್ರ ಮಾಡಿ, ಎರಡೂ ಕಡೆಯವರು ಸಹಿ ಹಾಕುತ್ತಾರೆ. ಅಕ್ಟೋಬರಿನಲ್ಲಿ ಎರಡು ತರಗತಿಗಳ ಹೊತ್ತು ಒಂದಕ್ಕೊಂದು ಡಿಕ್ಕಿ ಹೊಡೆದವು, ನಾನು ಒಂದು ವಿಷಯ ಬದಲಿಸಿಕೊಂಡೆ. ಅಲ್ಲಿಯವರ ಸಹಿ ತಗೊಂಡೆ, ಇಲ್ಲಿಯದು ಮರೆತೆ. ಪರೀಕ್ಷಾ ವಿಭಾಗದ ಹಿರಿಯ ಗುಮಾಸ್ತರು ಹಾಳೆಯ ಮೇಲೆ ಬೆರಳು ಓಡಿಸಿ, "ಈ ಕಾಗದದಾಗ ಈ ಹೆಸರ ಇಲ್ಲಲ್ಲೋ ತಮ್ಮಾ" ಅಂದರು. ಆರು ಕ್ರೆಡಿಟ್ ಅಲ್ಲೇ ನಿಂತವು. ಆ ವಿಷಯಕ್ಕೆ ಇಲ್ಲಿ ಮತ್ತೆ ಕೂತು ಪರೀಕ್ಷೆ ಬರೆಯಬೇಕು. ಸಿಟ್ಟು ಬಂದದ್ದು ನಿಜ. ಆದರೆ ಅವರ ಬೆರಳು ಸುಳ್ಳು ಹೇಳಿರಲಿಲ್ಲ.

ಆ ಹಾಳೆಯಲ್ಲಿ ಒಂದು ವಿಷಯದ ಎದುರು ಒಂದೇ ಚೌಕ. ನನಗೆ ನಿಘಂಟಿನ ಕಿಟ್ಟೆಲ್ ನೆನಪಾದರು. ನಮ್ಮೂರಲ್ಲಿ ಅವರ ಹೆಸರಿನ ಕಾಲೇಜಿದೆ. ಅದರ ಮುಂದೆ ಸಾವಿರ ಸಲ ಸೈಕಲ್ ಹೊಡೆದಿದ್ದೇನೆ. ಆದರೆ ಫರ್ಡಿನಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ. ಅವರ ಕನ್ನಡ–ಇಂಗ್ಲಿಷ್ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಡಿಸೆಂಬರಿನ ಒಂದು ಸಂಜೆ, ನಾಲ್ಕೂವರೆಗೇ ಕತ್ತಲಾದಾಗ, ಗ್ರಂಥಾಲಯದಲ್ಲಿ ಅದನ್ನು ತೆರೆದು ಕೂತೆ. ಒಂದು ಕನ್ನಡ ಪದಕ್ಕೆ ಒಂದು ಇಂಗ್ಲಿಷ್ ಪದ ಎದುರಿಟ್ಟು ಅವರು ಕೈತೊಳೆದುಕೊಂಡಿಲ್ಲ. ಅರ್ಥದ ಮೇಲೆ ಅರ್ಥ, ಸಾಲದಿದ್ದರೆ ಗಾದೆ. ಪರೀಕ್ಷಾ ವಿಭಾಗದಲ್ಲಿ ಕಿಟ್ಟೆಲ್ ಇದ್ದಿದ್ದರೆ ನನ್ನ ಆರು ಕ್ರೆಡಿಟ್ಟಿಗೂ ಅಂಚಿನಲ್ಲಿ ಎಲ್ಲೋ ಜಾಗ ಮಾಡುತ್ತಿದ್ದರೇನೋ.

ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಹಿಗ್ಗಿ, ನಡುವೆ ಕುಗ್ಗಿ, ಆಮೇಲೆ ಚೇತರಿಸಿಕೊಳ್ಳುತ್ತದೆ ಎಂದು ನಾರ್ವೆಯ ಸ್ವೆರೆ ಲುಸ್‌ಗಾರ್ಡ್ 1955ರಲ್ಲಿ ಬರೆದರು. ಇಂಗ್ಲಿಷಿನ 'ಯು' ಅಕ್ಷರದ ಹಾಗೆ. ಊರಿಗೆ ಬಂದ ಮೇಲೂ ಅದೇ ಇನ್ನೊಮ್ಮೆ ಆಗುತ್ತದೆ, ಹಾಗಾಗಿ ಅದು 'ಯು' ಅಲ್ಲ 'ಡಬ್ಲ್ಯು' ಎಂದು 1963ರಲ್ಲಿ ಅಮೆರಿಕದ ಗಲ್ಲಹಾರ್ನ್ ದಂಪತಿ ತಿದ್ದಿದರು. ನನ್ನ ಎರಡನೇ ಇಳಿಜಾರು ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಶುರುವಾಯಿತು. ರಸ್ತೆ ದಾಟಲು ನಿಂತವನು ನಿಂತೇ ಇದ್ದೆ. ನಡುರಾತ್ರಿ ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ಕಾಯುವ ಊರಿನಿಂದ ಬಂದವನು. ಕೊನೆಗೆ ಹೂವಿನ ಬುಟ್ಟಿ ಹೊತ್ತ ಮುದುಕಿಯೊಬ್ಬರ ಬೆನ್ನು ಹಿಡಿದು ದಾಟಿದೆ.

ಕಾಲೇಜಿನಲ್ಲಿ ಮೊದಲ ದಿನ ಪಾಠ ಮುಗಿದಾಗ ಮೇಜನ್ನು ಬೆರಳಗೆಣ್ಣಿನಿಂದ ಕುಟ್ಟಿದೆ. ಅಲ್ಲಿ ಅದು ಚಪ್ಪಾಳೆಗೆ ಸಮ. ಇಲ್ಲಿ ಮೇಷ್ಟ್ರು, "ಯಾರಪಾ ಅದು ಬಾಗಲಾ ಬಡದವರು?" ಅಂದರು. ಖಾಲಿ ನೀರಿನ ಬಾಟಲಿ ಎಸೆಯಲು ಕೈ ಬರುತ್ತಿರಲಿಲ್ಲ. ಅಲ್ಲಿ ಅಂಗಡಿಯ ಯಂತ್ರದೊಳಗೆ ತುರುಕಿದರೆ ಪ್ಲಾಸ್ಟಿಕ್ ಬಾಟಲಿ ಒಂದಕ್ಕೆ 25 ಸೆಂಟ್ ವಾಪಸು ಬರುತ್ತದೆ. ಕೊಳ್ಳುವಾಗಲೇ ಆ ಠೇವಣಿ ತೆತ್ತಿರುತ್ತೇವೆ. ನನ್ನ ಮಂಚದ ಕೆಳಗೆ ಹನ್ನೊಂದು ಬಾಟಲಿ ಸೇರಿದ ಮೇಲೆ ಅವ್ವ ರದ್ದಿಯವನನ್ನು ಕರೆದಳು. ಅವನು ಕಿಲೋ ಲೆಕ್ಕದವನು. ಕೈಯಲ್ಲೇ ತೂಗಿ ನೋಡಿ, ನಕ್ಕು, ಐದು ರೂಪಾಯಿ ಕೊಟ್ಟ.

'ಹೆಂಗಿತ್ತು ಜರ್ಮನಿ?' ಎಂದು ಎಲ್ಲರೂ ಕೇಳಿದರು. 'ಥಂಡಿ' ಅನ್ನುವಷ್ಟರಲ್ಲಿ ಅವರ ಮಾತು ಮುಂದೆ ಹೋಗಿರುತ್ತಿತ್ತು. ಪೂರ್ತಿ ಕೇಳಿದವಳು ಆಯಿ ಒಬ್ಬಳೇ, ಅವಳಿಗೆ ಕಿವಿ ಮಂದ.

ಬಂದ ಮೂರನೇ ದಿನ, ಮಾರ್ಚ್ 30, ಯುಗಾದಿ. ಚಿಲಿಯವಳು ಭಾನುವಾರ ಅಲ್ಲಿಯ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ ಅಂದಿದ್ದಳು. ನಾಲ್ಕೂವರೆ ತಾಸು ಕೂಡಿಸಿ, ಎರಡೂವರೆಗೆ ಎಂದು ನಾನು ಹೋಳಿಗೆ ಊಟಕ್ಕೆ ನಿರಾಳವಾಗಿ ಕೂತಿದ್ದೆ. ಒಂದೂವರೆಗೇ ಫೋನ್ ಬಡಿದುಕೊಂಡಿತು. ಮಾರ್ಚಿನ ಕಡೆಯ ಭಾನುವಾರ ಯುರೋಪು ತನ್ನ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುತ್ತದೆ, ಅದು ಆವತ್ತೇ. ತುಪ್ಪದ ಕೈಯಲ್ಲೇ ಎತ್ತಿದೆ. ಅವಳು ಅಡಿಗೆಮನೆಯಲ್ಲಿ ನಿಂತು ಕ್ಯಾಮೆರಾವನ್ನು ಬಿಳಿ ಹಲಗೆಯ ಕಡೆ ತಿರುಗಿಸಿದಳು. ಅವ್ವ ಹೋಳಿಗೆ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಅದೇನ ನಾಕ ಸಾವಿರದ್ದು?"