ಉಬ್ಬರ ಬಂದಾಗ ಫ್ಲೆಮಿಂಗೊಗಳು ಎಲ್ಲಿಗೆ ಹೋಗುತ್ತವೆ?

ಮುಂಬೈ, ನವಿ ಮುಂಬೈ ನಡುವಿನ ಥಾಣೆ ಖಾಡಿಯ ರೂಪ ದಿನಕ್ಕೆ ಎರಡೆರಡು ಸಲ ಬದಲಾಗುತ್ತದೆ. ಇಳಿತದ ಹೊತ್ತಿನಲ್ಲಿ ದಂಡೆಯುದ್ದಕ್ಕೂ ಬೂದುಬಣ್ಣದ ಕೆಸರು ಮೇಲೇಳುತ್ತದೆ. ನವೆಂಬರಿನಿಂದ ಮೇ ತನಕ ಆ ಕೆಸರಿನ ಮೇಲೆ ಫ್ಲೆಮಿಂಗೊಗಳು ತಲೆ ತಗ್ಗಿಸಿ ಸಾಲುಸಾಲಾಗಿ ಮೇಯುತ್ತವೆ. ಉಬ್ಬರ ಏರಿತೆಂದರೆ ಕೆಸರು ಮುಳುಗಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸೊಂಟದವರೆಗೆ ನೀರು. ಸಾವಿರಾರು ಹಕ್ಕಿಗಳಿದ್ದ ಜಾಗ ಖಾಲಿ. ಅವು ಹೋಗುವುದೆಲ್ಲಿಗೆ? ಈ ಸರಳ ಪ್ರಶ್ನೆಗೆ ದಾಖಲೆ ಸಮೇತ ಉತ್ತರ ಸಿಕ್ಕಿದ್ದು ತೀರ ಈಚೆಗೆ.

ಖಾಡಿಗೆ ಫ್ಲೆಮಿಂಗೊಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಲ್ಲಿ. ಮೊದಲು ಜನ ಅವನ್ನು ನೋಡಲು ಹೋಗುತ್ತಿದ್ದುದು ಶಿವಡಿ ಜೆಟ್ಟಿಗೆ. ಅವುಗಳ ತವರು ಮಾತ್ರ ದೂರದ ಕಚ್ಛಿನ ರಣ. ಮಳೆ ನಿಂತ ಮೇಲೆ ಅಲ್ಲಿನ ಉಪ್ಪುನೀರಿನ ನಡುವೆ ಮಣ್ಣಿನ ದಿಬ್ಬ ಕಟ್ಟಿ ಮೊಟ್ಟೆಯಿಡುವ ಊರನ್ನು 1945ರಲ್ಲಿ ಸಲೀಂ ಅಲಿ ಕಣ್ಣಾರೆ ಕಂಡು, ಮರಿಗಳೂ ಸೇರಿ ಸುಮಾರು 5 ಲಕ್ಷ ಹಕ್ಕಿಗಳಿರಬಹುದೆಂದು ಅಂದಾಜು ಮಾಡಿದ್ದರು. ಅಂಥ ನಿರ್ಜನ ಬಯಲಿನ ಹಕ್ಕಿಗೆ ಕಾರ್ಖಾನೆ, ಫ್ಲೈಓವರ್, ಕೊಳಚೆ ನಾಲೆಗಳ ನಡುವಿನ ಈ ಖಾಡಿಯಲ್ಲಿ ಏನು ಸಿಕ್ಕಿತು?

ಉತ್ತರ ಅದರ ಕೊಕ್ಕಿನಲ್ಲೇ ಇದೆ. ಪೆನೆಲೊಪಿ ಜೆಂಕಿನ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞೆ 1957ರಲ್ಲಿ ಇದನ್ನು ವಿವರವಾಗಿ ಬರೆದರು. ಫ್ಲೆಮಿಂಗೊ ತಲೆಕೆಳಗಾಗಿ ಕೊಕ್ಕನ್ನು ನೀರಿಗೆ ಇಳಿಸುತ್ತದೆ. ದಪ್ಪ ನಾಲಿಗೆ ಪಂಪಿನ ಹಾಗೆ ಹಿಂದೆ ಮುಂದೆ ಆಡುತ್ತ ನೀರನ್ನು ಎಳೆದು ಹೊರಗೆ ದಬ್ಬುತ್ತದೆ. ಕೊಕ್ಕಿನ ಒಳಅಂಚಿನ ನವುರಾದ ಪದರಗಳ ಸಾಲಿನಲ್ಲಿ ಆಹಾರ ಸೋಸಿ ಉಳಿಯುತ್ತದೆ. ಇಲ್ಲಿಗೆ ಬರುವ ಎರಡು ಜಾತಿಗಳಲ್ಲಿ ಕಿರಿಯ (ಲೆಸ್ಸರ್) ಫ್ಲೆಮಿಂಗೊದ ಸೋಸಣಿಗೆ ಎಷ್ಟು ನಯವೆಂದರೆ, ಬರಿಗಣ್ಣಿಗೆ ಕಾಣದ ನೀಲಿಹಸಿರು ಪಾಚಿ ಮತ್ತು ಡಯಾಟಮ್‌ಗಳೇ ಅದರ ಊಟ. ಹಿರಿಯ (ಗ್ರೇಟರ್) ಫ್ಲೆಮಿಂಗೊದ ಸೋಸಣಿಗೆ ಒರಟು. ಅದು ಹುಳ, ಸಣ್ಣ ಸಿಗಡಿಗಳಂಥ ಜೀವಿಗಳನ್ನು ಹಿಡಿಯುತ್ತದೆ. ಹೀಗೆ ಎರಡೂ ಜಾತಿಗಳು ಒಂದೇ ಕೆಸರಿನಲ್ಲಿ ಒಂದರ ಅನ್ನಕ್ಕೆ ಇನ್ನೊಂದು ಕೈಹಾಕದೆ ಬದುಕುತ್ತವೆ. ಆ ಗುಲಾಬಿ ಬಣ್ಣವೂ ತಿಂದದ್ದರಿಂದಲೇ ಬಂದದ್ದು, ಆಹಾರದೊಳಗಿನ ಕ್ಯಾರೊಟಿನಾಯ್ಡ್‌ಗಳಿಂದ.

ಖಾಡಿಯಲ್ಲಿ ಪಾಚಿ ಹೇರಳವಾಗಿರುವುದಕ್ಕೆ ಸುತ್ತಲಿನ ಊರುಗಳಿಂದ ಹರಿದುಬರುವ ಕೊಳಚೆಯ ಸಾರಜನಕ, ರಂಜಕಗಳೂ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಇದನ್ನು ಕೇಳಿ ಕೊಳಚೆ ಒಳ್ಳೆಯದೇ ಎನ್ನುವವರಿದ್ದಾರೆ. ಅದೇ ನೀರಿನಲ್ಲಿ ಭಾರ ಲೋಹಗಳೂ ಬರುತ್ತವೆ, ಮೀನು ಹಿಡಿದು ಬದುಕುವ ಕೋಳಿ ಸಮುದಾಯದವರ ಬಲೆ ಬರಿದಾಗುತ್ತದೆ ಎಂಬುದನ್ನು ಅವರು ಮರೆಯಬಾರದು.

ಕಾಂಡ್ಲಾ ಕಾಡಿನ ಮಾತೂ ಇಲ್ಲಿ ಬರಬೇಕು. ಕುಂದಾಪುರ, ಹೊನ್ನಾವರದ ಕಡೆಯವರಿಗೆ ಈ ಗಿಡಗಳ ಪರಿಚಯವಿದೆ. ಇಲ್ಲಿ ಹೆಚ್ಚಾಗಿರುವುದು ಅವಿಸೀನಿಯ ಜಾತಿ, ಮರಾಠಿಯವರ ತಿವರ. ಉಸಿರಾಡಲು ಬೇರುಗಳನ್ನು ಪೆನ್ಸಿಲಿನಂತೆ ಕೆಸರಿನಿಂದ ಮೇಲೆತ್ತಿ, ಹೆಚ್ಚಾದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ. ಬಿದ್ದ ಎಲೆ ಏಡಿಗಳಿಗೆ, ಬೇರಿನ ಸಂದು ಮೀನುಮರಿಗಳಿಗೆ. ಆದರೆ ಖಾಡಿಯಲ್ಲಿ ಹೂಳು ತುಂಬಿದಂತೆಲ್ಲ ಕಾಂಡ್ಲಾ ಮುಂದೊತ್ತಿ ಬರುತ್ತದೆ, ಬಯಲಾಗಿದ್ದ ಕೆಸರು ಕಾಡಾಗುತ್ತದೆ. ಕಾಡು ಬೆಳೆದರೆ ಎಲ್ಲ ಜೀವಿಗಳಿಗೂ ಲಾಭ ಎಂದುಕೊಳ್ಳುವ ನಮಗೆ ಇದು ಒಪ್ಪಲು ಕಷ್ಟ. ಗಿಡಗಳ ದಟ್ಟಣೆಯೊಳಗೆ ಫ್ಲೆಮಿಂಗೊ ಇಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ಬೋಳು ಕೆಸರು, ಮೊಣಕಾಲು ಮಟ್ಟದ ನೀರು.

ಇನ್ನು ಮೊದಲಿನ ಪ್ರಶ್ನೆ. ಉಬ್ಬರದ ಹೊತ್ತಿಗೆ ನವಿ ಮುಂಬೈಯ ಸೀವುಡ್ಸ್, ನೆರೂಳ್ ಕಡೆಯ ಕೆರೆಗಳಲ್ಲಿ ಫ್ಲೆಮಿಂಗೊಗಳು ತುಂಬಿರುತ್ತವೆಂದು ಪಕ್ಷಿವೀಕ್ಷಕರು ವರ್ಷಗಳಿಂದ ಹೇಳುತ್ತಲೇ ಇದ್ದರು. ಅವು ಖಾಡಿಯಿಂದ ಬಂದ ಹಕ್ಕಿಗಳೋ, ಬೇರೆ ಗುಂಪೋ? ದುರ್ಬೀನಿನಲ್ಲಿ ಒಂದು ಹಕ್ಕಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೇಳಲಾಗದು. ಹಾಗಾಗಿ 2022ರ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಆರು ಫ್ಲೆಮಿಂಗೊಗಳನ್ನು ಹಿಡಿದು, ಅವು ಇರುವ ಜಾಗವನ್ನು ಜಿಪಿಎಸ್ ಮೂಲಕ ತಿಳಿಸುವ ಪುಟ್ಟ ಸಾಧನ ತೊಡಿಸಿ ಬಿಟ್ಟರು. ಹಕ್ಕಿಗಳಿಗೆ ಹೆಸರನ್ನೂ ಇಟ್ಟರು: ಸಲೀಂ, ಹುಮಾಯೂನ್, ಮೆಕ್ಯಾನ್, ಲೆಸ್ಟರ್, ಖೆಂಗಾರ್‌ಜಿ. ಇವೆಲ್ಲ ಪಶ್ಚಿಮ ಭಾರತದ ಹಕ್ಕಿಗಳನ್ನು ಅರಿಯಲು ದುಡಿದವರ, ನೆರವಾದವರ ನೆನಪಿನ ಹೆಸರುಗಳು. ಆರನೆಯದರ ಹೆಸರು ನವಿ ಮುಂಬೈ.

ಸಾಧನಗಳು ಕಳಿಸಿದ ಚುಕ್ಕಿಗಳನ್ನು ನಕ್ಷೆಯ ಮೇಲಿಟ್ಟು ಉಬ್ಬರಇಳಿತದ ವೇಳೆಯ ಜೊತೆ ಹೊಂದಿಸಿದಾಗ ವಿಷಯ ಬಯಲಾಯಿತು. ಖಾಡಿಯಲ್ಲಿ ಮೇಯುವ ಹಕ್ಕಿಯೇ ನೀರೇರುತ್ತಿದ್ದಂತೆ ಎದ್ದು ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಹೊಂಡಗಳಿಗೆ, ನವಿ ಮುಂಬೈಯ ಟಿ.ಎಸ್. ಚಾಣಕ್ಯ, ಎನ್‌ಆರ್‌ಐ, ಡಿಪಿಎಸ್ ಕೆರೆಗಳಿಗೆ ಹೋಗುತ್ತದೆ. ಕೆಸರು ಮತ್ತೆ ಮೇಲೆದ್ದಾಗ ಮರಳುತ್ತದೆ. ಉಬ್ಬರದ ವೇಳೆ ದಿನದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದೆ ಸರಿಯುವುದರಿಂದ ಹಕ್ಕಿಯ ದಿನಚರಿಯೂ ಅದರ ಜೊತೆ ಸರಿಯುತ್ತದೆ. ಅದು ನಡೆಯುವುದು ಸೂರ್ಯನ ಗಡಿಯಾರಕ್ಕಲ್ಲ, ಚಂದ್ರನ ಗಡಿಯಾರಕ್ಕೆ. ಮಳೆಗಾಲ ಹತ್ತಿರವಾದಾಗ ಹಕ್ಕಿಗಳು ಗುಜರಾತಿನ ದಾರಿ ಹಿಡಿದದ್ದೂ ಇದೇ ಚುಕ್ಕಿಗಳಿಂದ ತಿಳಿಯಿತು.

ನನ್ನ ಮಟ್ಟಿಗೆ ಇದು ಈ ಭಾಗದ ಬಹು ಮುಖ್ಯ ಶೋಧ. ಏಕೆಂದರೆ ನಮ್ಮ ರಕ್ಷಣೆಯ ಗೆರೆಗಳು ಹಕ್ಕಿಯ ಅರ್ಧ ಮನೆಯನ್ನಷ್ಟೇ ಸುತ್ತಿದ್ದವು. 2015ರಲ್ಲಿ ಖಾಡಿಯ 1,690 ಹೆಕ್ಟೇರ್ ಫ್ಲೆಮಿಂಗೊ ಅಭಯಾರಣ್ಯವಾಯಿತು; 2022ರಲ್ಲಿ ಖಾಡಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಸೀವುಡ್ಸ್, ನೆರೂಳ್ ಕಡೆಯ ಕೆರೆಗಳು ಮಾತ್ರ ಅಭಯಾರಣ್ಯದ ಹೊರಗೇ ಉಳಿದವು. ಕಟ್ಟಡ ಕಟ್ಟುವವರ ಕಣ್ಣಿಗೆ ಅವು ಖಾಲಿ ನಿವೇಶನಗಳು. ಕೆರೆ ಹೋದರೆ ಉಬ್ಬರದ ಹೊತ್ತಿನಲ್ಲಿ ಹಕ್ಕಿಗೆ ಕಾಲೂರಲು ನೆಲವಿಲ್ಲ. ಆಗ ಖಾಡಿಯ ಕೆಸರು ಎಷ್ಟಿದ್ದರೂ ಪ್ರಯೋಜನವಿಲ್ಲ.

ಕೆರೆಯ ಜೀವವಿರುವುದು ಖಾಡಿಯ ನೀರು ಒಳಬರುವ ಕೊಳವೆಯಲ್ಲಿ. ಡಿಪಿಎಸ್ ಕೆರೆಗೆ ಆ ದಾರಿ ಕಟ್ಟಿಹೋಗಿ ನೀರು ಬತ್ತಿತು. 2024ರ ಬೇಸಿಗೆಯಲ್ಲಿ ಆ ಸುತ್ತಮುತ್ತ ಫ್ಲೆಮಿಂಗೊಗಳು ಸತ್ತುಬಿದ್ದವು. ಅದೇ ವರ್ಷ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ, ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 39 ಹಕ್ಕಿಗಳು ಸತ್ತವು. ನೀರಿನ ದಾರಿ ಕಟ್ಟಿದ್ದರ ಬಗ್ಗೆ ಸ್ಥಳೀಯರು ಬಿಡದೆ ದೂರು ಕೊಟ್ಟರು, ಕೆರೆಗೆ ಮತ್ತೆ ನೀರು ಹರಿಯಿತು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸುಮಾರು 30 ಎಕರೆಯ ಈ ಕೆರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಅಲ್ಲಿನ ಉಳಿದ ಕೆರೆಗಳಿಗೂ ಇದೇ ರಕ್ಷಣೆ ಬೇಕು.

ಡೊಂಬಿವಲಿ, ಕಲ್ಯಾಣದವರು ಇದನ್ನು ತಾವೇ ಪರೀಕ್ಷಿಸಬಹುದು. ಥಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿದರೆ ಐರೋಲಿ. ಅಲ್ಲಿ ಅರಣ್ಯ ಇಲಾಖೆಯ ಕರಾವಳಿ ಜೀವವೈವಿಧ್ಯ ಕೇಂದ್ರವಿದೆ, ದೋಣಿಯೂ ಸಿಗುತ್ತದೆ. ಹೊರಡುವ ಮುಂಚೆ ಆ ದಿನದ ಉಬ್ಬರದ ವೇಳೆ ನೋಡಿಕೊಳ್ಳಿ. ಖಾಡಿಯಲ್ಲಿ ಹಕ್ಕಿ ಕಾಣದಿದ್ದರೆ ನೇರ ಸೀವುಡ್ಸ್‌ಗೆ ಹೋಗಿ.