ರವಿವಾರ ಪೇಟೆಯಲ್ಲಿ ಎರಡು ಮೀಟರ್ ಹಗ್ಗ

ಪುಣೆಯ ಲಕ್ಷ್ಮೀ ರಸ್ತೆಯಿಂದ ರವಿವಾರ ಪೇಟೆಯ ಕಡೆ ತಿರುಗಿ ಬೋಹರಿ ಆಳಿಯೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಸೀರೆ-ಬಂಗಾರದ ಹೊಳಪೆಲ್ಲ ಹಿಂದೆ ಉಳಿಯುತ್ತದೆ. ಬೀಗ, ಮೊಳೆ, ಸರಪಳಿ, ತಾಡಪತ್ರಿ, ಬಣ್ಣದ ಡಬ್ಬಿ, ಪ್ಲಾಸ್ಟಿಕ್ ಬಕೆಟ್ಟು ಅಂಗಡಿಯೊಳಗೆ ಹಿಡಿಸದೆ ಮೆಟ್ಟಿಲ ಮೇಲೆ, ಮೆಟ್ಟಿಲು ಸಾಲದೆ ರಸ್ತೆಗೇ ಬಂದಿವೆ. ಕೈಗಾಡಿ, ಸ್ಕೂಟರು, ತಲೆಯ ಮೇಲೆ ಮೂಟೆ ಹೊತ್ತ ಹಮಾಲ ಮೂವರಿಗೂ ಇರುವುದು ಒಂದೇ ದಾರಿ. ಬಲಗಡೆ ಯಾರೋ ತಗಡು ಕತ್ತರಿಸುವ ಸದ್ದು, ಎಡಗಡೆ ತಕ್ಕಡಿಯ ಮೇಲೆ ಹಗ್ಗದ ಸುರುಳಿ ಬಿದ್ದ ಸದ್ದು. ಶ್ರಾವಣ ಹಿಡಿದ ಮೇಲೆ ಇಲ್ಲಿ ಹಗ್ಗದ ಸುಗ್ಗಿ.

ಹಗ್ಗದಂಗಡಿಯ ಬಾಗಿಲಲ್ಲಿ ನಿಂತು ಒಳಗೆ ನೋಡಬೇಕು. ಕೆಳಗೆ ಸೆಣಬಿನ ಸುತಳಿಯ ಉಂಡೆಗಳು, ಅದರ ಪಕ್ಕ ತೆಂಗಿನ ನಾರಿನ ಒರಟು ಹಗ್ಗ. ಗೋಡೆಯುದ್ದಕ್ಕೂ ಹಳದಿ, ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ. ಅದನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಗಲ್ಲಾದ ಹಿಂದೆ, ಕೈಗೆ ಎಟುಕುವಷ್ಟು ಹತ್ತಿರ, ಸಣ್ಣ ರೀಲುಗಳಲ್ಲಿ ಜಡೆಯಂತೆ ಹೆಣೆದ ತೆಳು ಹಗ್ಗಗಳು. ಇವು ಮೀಟರ್ ಲೆಕ್ಕದ ಮಾಲು. ಮಂಟಪ ಕಟ್ಟುವವರು ದಪ್ಪ ಹಗ್ಗಕ್ಕೆ ಬಂದಿದ್ದಾರೆ. ಢೋಲ್-ತಾಶಾ ಪಥಕದ ಹುಡುಗಿಯರಿಬ್ಬರು ಢೋಲಿನ ಪಾನ, ಅಂದರೆ ಬಡಿಯುವ ಹೊದಿಕೆ, ಬಿಗಿಯುವ ದೋರಿಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡುತ್ತಿದ್ದಾರೆ. ಅವರ ಹಿಂದೆ ನಿಂತ ಒಂದು ಗಣೇಶ ಮಂಡಳದ ಹುಡುಗನ ಕೈಯಲ್ಲಿ ಜನರೇಟರಿನ ದುಂಡನೆಯ ಮುಚ್ಚಳ ಇದೆ. ಅದರ ತೂತಿನಿಂದ ಗೇಣುದ್ದದ ಹಗ್ಗ ಜೋತುಬಿದ್ದಿದೆ, ತುದಿಯಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡು.

ಅವನಿಗೆ ಬೇಕಾದದ್ದು ಎರಡು ಮೀಟರಿಗೂ ಕಡಿಮೆ. "ಎಲ್ಲಕ್ಕಿಂತ ಗಟ್ಟಿಯದು ಕೊಡಿ, ಕಾಕಾ" ಎಂದು ಮರಾಠಿಯಲ್ಲಿ ಕೇಳುತ್ತಾನೆ. ಅಂಗಡಿಯವರು ರೀಲಿಗೆ ಕೈ ಹಾಕುವ ಮೊದಲು ಆ ಮುಚ್ಚಳವನ್ನು ಕೇಳಿ ಇಸಿದುಕೊಳ್ಳುತ್ತಾರೆ, ತಿರುಗಿಸಿ ನೋಡುತ್ತಾರೆ. ಹಗ್ಗ ಮಾರುವವರು ಹೀಗಿರಬೇಕು. ಯಾವುದಕ್ಕೆ ಬೇಕು ಎಂದು ತಿಳಿಯದೆ ಹಗ್ಗ ಕೊಡುವುದು ರೋಗ ಕೇಳದೆ ಮಾತ್ರೆ ಕೊಟ್ಟಂತೆ.

ಮುಚ್ಚಳದೊಳಗಿನ ಏರ್ಪಾಟು ಸರಳ, ಬಹಳ ಚೆಂದ. ನಡುವೆ ಒಂದು ರಾಟೆ, ಅದರ ತಗ್ಗಿನಲ್ಲಿ ಸುತ್ತಿಕೊಂಡ ಹಗ್ಗ, ರಾಟೆಯ ಅಡಿಯಲ್ಲಿ ಉಕ್ಕಿನ ಪಟ್ಟಿಯ ಸುರುಳಿ ಸ್ಪ್ರಿಂಗು. ಹಿಡಿ ಹಿಡಿದು ಎಳೆದಾಗ ರಾಟೆ ತಿರುಗುತ್ತದೆ, ಅದರ ಅಂಚಿನ ಕೊಕ್ಕೆಗಳು ಹೊರಚಾಚಿ ಎಂಜಿನ್ನಿನ ಫ್ಲೈವೀಲಿಗೆ ಬಿಗಿದ ಬಟ್ಟಲನ್ನು ಕಚ್ಚುತ್ತವೆ, ಎಂಜಿನ್ ಒಂದೆರಡು ಸುತ್ತು ತಿರುಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಕೂಡಲೇ ಕೊಕ್ಕೆಗಳು ಒಳಗೆ ಸರಿಯುತ್ತವೆ, ಸ್ಪ್ರಿಂಗು ಹಗ್ಗವನ್ನು ಮರಳಿ ಸುತ್ತಿಡುತ್ತದೆ. ಕೈತೋಟದ ಹುಲ್ಲು ಕತ್ತರಿಸುವ ಯಂತ್ರಕ್ಕೂ, ಹೊಲದ ಪೆಟ್ರೋಲ್ ಪಂಪಿಗೂ, ಮೆರವಣಿಗೆಯ ರಥಕ್ಕೆ ಬೆಳಕು ಕೊಡುವ ಪುಟ್ಟ ಜನರೇಟರಿಗೂ, ಗುಲ್ಮಾರ್ಗದ ಹಿಮದ ಮೇಲೆ ಓಡುವ ಸ್ನೋ ಸ್ಕೂಟರಿಗೂ ಇದೇ ಏರ್ಪಾಟು.

ಕೈಬಲದಿಂದ ಎಂಜಿನ್ ಎಬ್ಬಿಸುವುದು ಪುಣೆಗೆ ಹೊಸದಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿದ ಉದ್ಯಮ ಬೆಳೆದು, 1946ರಲ್ಲಿ ಇಲ್ಲಿನ ಖಡ್ಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆಯಾಯಿತು. ಆ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದ ಭುಜಗಳು ಉತ್ತರ ಕರ್ನಾಟಕದ ಬಾವಿಕಟ್ಟೆಗಳಲ್ಲಿ ಇನ್ನೂ ಇವೆ. ಆಕುರ್ಡಿಯಲ್ಲಿ ತಯಾರಾದ ಬಜಾಜ್ ಆಟೊವನ್ನು ಚಾಲಕ ಕೆಳಗೆ ಬಾಗಿ, ಕೈಯಿಂದ ಲಿವರ್ ಮೇಲೆತ್ತಿ ಶುರುಮಾಡುತ್ತಿದ್ದ ಕಾಲವೂ ಬಹಳ ಹಿಂದಿನದಲ್ಲ. ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಅಂಗಡಿಯ ಮುಂದಿನ ಜನರೇಟರಿನ ಹಗ್ಗ ಜಗ್ಗದ ವ್ಯಾಪಾರಿ ಯಾವ ಊರಲ್ಲಿದ್ದ?

ಅಂಗಡಿಯವರು ಹುಡುಗನನ್ನು ನಾನಾ ಪೇಟೆಯ ಕಡೆ ಕಳಿಸುತ್ತಾರೆ: ಮೊದಲು ಮಿಸ್ತ್ರಿಗೆ ತೋರಿಸು, ಆಮೇಲೆ ಹಗ್ಗ. ವಾಹನದ ಬಿಡಿಭಾಗಗಳ ಆ ಪೇಟೆಯ ಒಂದು ಒಳಗಲ್ಲಿಯಲ್ಲಿ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ, ಇಂಡಿ ತಾಲ್ಲೂಕಿನಿಂದ ಬಂದು ನೆಲೆಸಿದ ಹಿರಿಯ ಮಿಸ್ತ್ರಿಯೊಬ್ಬರು ಕೂತಿದ್ದಾರೆ. ಸುತ್ತ ಬಿಚ್ಚಿಟ್ಟ ಕಾರ್ಬುರೇಟರುಗಳು, ಡಬ್ಬಿಯ ತುಂಬ ಸ್ಪಾರ್ಕ್ ಪ್ಲಗ್ಗು, ಮೊಳೆಗೆ ತೂಗುಬಿಟ್ಟ ಹಳೆಯ ಹಗ್ಗದ ತುಣುಕುಗಳು. ಹುಡುಗನ ಜೊತೆ ಮರಾಠಿ, ಕನ್ನಡದವರು ಎಂದು ಗೊತ್ತಾದರೆ ಅವರ ಊರ ಕನ್ನಡ.

"ಹಗ್ಗ ಜಗ್ಗಿದ್ರ ಹರಿಯಂಗಿಲ್ರಿ. ತಿಕ್ಕಿದ್ರ ಹರೀತೈತಿ. ಈ ತೂತಿನಾಗ ಬೆರಳ ಹಾಕಿ ನೋಡ್ರಿ."

ಬೆರಳು ಹಾಕಿದರೆ ತಿಳಿಯುತ್ತದೆ. ಹಗ್ಗ ಹೊರಬರುವ ಆ ಕಣ್ಣಿನ ಮೇಲ್ತುದಿ ಸವೆದು ತಗ್ಗಾಗಿದೆ, ತಗ್ಗಿನ ಅಂಚು ಹರಿತವಾಗಿದೆ. ನಿಂತುಕೊಂಡು, ನೇರ ಎಳೆಯುವ ಬದಲು ಓರೆಯಾಗಿ ಮೇಲಕ್ಕೆ ಎಳೆದ ಪ್ರತಿಸಲವೂ ಹಗ್ಗ ಅದೇ ಜಾಗದಲ್ಲಿ ಉಜ್ಜಿದೆ. ಮಿಸ್ತ್ರಿ ಮೊಳೆಯ ಮೇಲಿನ ತುಣುಕುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಒಂದು ಹಿಡಿಯ ಗಂಟಿನ ಬಳಿ ಹೋಗಿದೆ, ಒಂದು ರಾಟೆಯ ಗಂಟಿನ ಬಳಿ, ಉಳಿದವು ಈ ಕಣ್ಣಿಗೆ ಸಿಕ್ಕ ಕಡೆ. ನಟ್ಟನಡುವೆ, ಬರೀ ಎಳೆತಕ್ಕೆ ತುಂಡಾದದ್ದು ಒಂದೂ ಇಲ್ಲ.

"ಹೊಸಾದು ಹಾಕಿ ಕಳಿಸಿದ್ರ ಗಣಪತಿ ಕಳಸೂ ದಿನಾನ ಕಡದು ಕೈಗೆ ಬರ್ತೈತಿ. ಮೊದಲ ಇದರ ಬಾಯಿ ನುಣ್ಣಗ ಮಾಡ್ಬೇಕು."

ಈ ಮಾತನ್ನು ಅಂಕಿಯಲ್ಲೂ ನೋಡಬಹುದು. ಆರೋಗ್ಯವಂತನ ಕೈ ಇಂಥ ಹಗ್ಗವನ್ನು ಎಳೆಯುವುದು ಸುಮಾರು 20-30 ಕಿಲೋ ಭಾರದಷ್ಟು ಬಲದಿಂದ. ಜರ್ಕು ಕೊಟ್ಟಾಗ ಅದು ಇನ್ನಷ್ಟು ಏರುತ್ತದೆ. ಚೆನ್ನಾಗಿ ಹೆಣೆದ 4 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಹರಿಯಬೇಕಾದರೆ 200 ಕಿಲೋ ದಾಟಬೇಕು. ಅಂದರೆ ಬಲ ಮೊದಲೇ ಸಾಕಷ್ಟಿದೆ. ಆದರೂ ಹಗ್ಗ ಕೊಳ್ಳುವವರು ಮೊದಲು ಕೇಳುವುದು ಬಲವನ್ನೇ. ಆ ಬೇಡಿಕೆಗೆ ತಕ್ಕಂತೆ ಈಗ ಮಾರುಕಟ್ಟೆಯಲ್ಲಿ ಎಚ್‌ಎಂಪಿಇ ಎಂಬ ನಾರಿನ ಹಗ್ಗ ಬಂದಿದೆ. 1970ರ ದಶಕದ ಕೊನೆಗೆ ನೆದರ್ಲೆಂಡ್ಸಿನ ಡಿಎಸ್‌ಎಂ ಕಂಪನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್ಸ್‌ಟ್ರಾ ಪಾಲಿಥೀನನ್ನು ದ್ರಾವಕದಲ್ಲಿ ಕರಗಿಸಿ, ಜೆಲ್ ಮಾಡಿ, ಎಳೆದೆಳೆದು ತೆಗೆದ ನಾರು ಇದು. ಡೈನೀಮಾ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯ. ತೂಕಕ್ಕೆ ತೂಕ ಹಿಡಿದರೆ ಉಕ್ಕಿಗಿಂತ ಎಷ್ಟೋ ಪಟ್ಟು ಬಲ. ಇದರ 4 ಮಿ.ಮೀ. ಹಗ್ಗ ಒಂದು ಟನ್ನಿಗೂ ಹೆಚ್ಚು ತಾಳುತ್ತದೆ, ನೀರಿನಲ್ಲಿ ತೇಲುತ್ತದೆ, ನೀರು ಕುಡಿಯುವುದಿಲ್ಲ.

ಈ ಜಾತಿಯ ಹಗ್ಗಕ್ಕೂ ಪುಣೆಗೂ ನಂಟಿದೆ. ಹಿಂದೆ ಗರವಾರೆ-ವಾಲ್ ರೋಪ್ಸ್ ಎನಿಸಿಕೊಂಡಿದ್ದ ಇಂದಿನ ಗರವಾರೆ ಟೆಕ್ನಿಕಲ್ ಫೈಬರ್ಸ್ ಚಿಂಚವಾಡದ್ದು. ಸಾತಾರಾ ಜಿಲ್ಲೆಯ ವಾಯಿಯಲ್ಲೂ ಅದರ ಕಾರ್ಖಾನೆಯಿದೆ. ಸಮುದ್ರದಿಂದ ಇಷ್ಟು ದೂರದ ಘಟ್ಟದ ಮೇಲೆ ಮೀನುಗಾರರ ಬಲೆ, ಹಡಗಿನ ಹಗ್ಗ, ವಿದೇಶಗಳ ಸಾಲ್ಮನ್ ಸಾಕಣೆಯ ಪಂಜರದ ಜಾಲ ತಯಾರಾಗುತ್ತವೆ ಎಂಬುದು ಈ ಊರಿನ ಅನೇಕರಿಗೇ ಗೊತ್ತಿಲ್ಲ. ಹಡಗಿಗೂ ಬಲೆಗೂ ಎಚ್‌ಎಂಪಿಇ ದೊಡ್ಡ ವರ. ಅಲ್ಲಿ ಪ್ರತಿ ಕಿಲೋ ತೂಕ ಉಳಿಸಿದ್ದೂ ಲಾಭ.

ಆದರೆ ಅಂಗೈಯಗಲದ ರಾಟೆಯ ಲೋಕ ಬೇರೆ. ಮಿಸ್ತ್ರಿ ಅಂಥ ಒಂದು ತುಣುಕು ತೆಗೆದು ಗಂಟು ಹಾಕುತ್ತಾರೆ, ಎರಡು ಬೆರಳಲ್ಲಿ ಒತ್ತುತ್ತಾರೆ. ಗಂಟು ಮೆಲ್ಲಗೆ ಜಾರಿ ಬಿಚ್ಚಿಕೊಳ್ಳುತ್ತದೆ.

"ಗಟ್ಟಿ ಐತಿ ಖರೆ. ಆದ್ರ ಗಂಟು ನಿಲ್ಲಂಗಿಲ್ಲ ನೋಡ್ರಿ."

ಎಚ್‌ಎಂಪಿಇ ನಾರು ಮೇಣದಷ್ಟು ನುಣುಪು. ಆ ನುಣುಪಿನಿಂದಲೇ ಅದು ಉಜ್ಜುವಿಕೆಯನ್ನು ಚೆನ್ನಾಗಿ ತಾಳುತ್ತದೆ, ಆ ನುಣುಪಿನಿಂದಲೇ ಗಂಟು ಜಾರುತ್ತದೆ. ಯಾವ ಹಗ್ಗಕ್ಕೇ ಆಗಲಿ ಗಂಟು ಬಿದ್ದ ಜಾಗದಲ್ಲಿ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದರಲ್ಲಿ ಇನ್ನೂ ಕೆಳಗೆ. ಹಡಗಿನವರು ಇದಕ್ಕೆ ಗಂಟು ಹಾಕದೆ ತುದಿಯನ್ನು ಹಗ್ಗದೊಳಗೇ ಹೊಗಿಸಿ ಹೆಣೆಯುತ್ತಾರೆ. ರಾಟೆಯ ಬೆರಳಗಲದ ಗುಂಡಿಯಲ್ಲಿ ಅದಕ್ಕೆ ಜಾಗವೆಲ್ಲಿ? ಒಳಗೆ ಪೊಳ್ಳಾಗಿ ಹೆಣೆದದ್ದಾದರೆ ಬಿಗಿ ಬಿದ್ದಾಗ ಚಪ್ಪಟೆಯಾಗಿ, ಕೆಳಗಿನ ಸುತ್ತುಗಳ ನಡುವೆ ಹೂತುಕೊಂಡು, ಮುಂದಿನ ಸಲ ಬಿಚ್ಚದೆ ನಿಲ್ಲುತ್ತದೆ. ಬಲ ಹೇಗೂ ಇದೆಯಲ್ಲ ಎಂದು 2 ಮಿ.ಮೀ. ಹಾಕಿದರೆ ಅದು ರಾಟೆಯ ಪಕ್ಕದ ಸಂದಿಗೆ ಇಳಿದು ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿ ಕೂತಿದೆ. ಎಂಜಿನ್ ಕೆಲವೊಮ್ಮೆ ಹೊತ್ತಿಕೊಳ್ಳುವ ಗಳಿಗೆಯಲ್ಲಿ ಹಿಂದಕ್ಕೆ ಒದೆಯುತ್ತದೆ, ಹಗ್ಗ ಕೈಯನ್ನು ಕಸಿದು ಒಳಗೆಳೆಯುತ್ತದೆ. ನೈಲಾನ್ ಆ ಹೊಡೆತವನ್ನು ತಾನು ಹಿಗ್ಗಿ ಸ್ವಲ್ಪ ನುಂಗುತ್ತದೆ, ಪಾಲಿಯೆಸ್ಟರ್ ಅದಕ್ಕಿಂತ ಕಡಿಮೆ. ಎಚ್‌ಎಂಪಿಇ ಹಿಗ್ಗುವುದೇ ಇಲ್ಲ ಎನ್ನಬಹುದು. ಹರಿಯದ, ಹಿಗ್ಗದ ಹಗ್ಗದಲ್ಲಿ ಆ ಒದೆತ ಪೂರಾ ರಾಟೆಗೆ, ಹಿಡಿಗೆ, ಬೆರಳ ಸಂದುಗಳಿಗೆ ಹೋಗುತ್ತದೆ. ಹಗ್ಗ ಗೆದ್ದು ಮಣಿಕಟ್ಟು ಸೋತರೆ ಅದು ಒಳ್ಳೆಯ ಆಯ್ಕೆಯಲ್ಲ.

ಹಾಗಾದರೆ ಯಾವುದು? ಮಿಸ್ತ್ರಿಯ ಉತ್ತರ ಒಂದೇ: ಗಟ್ಟಿಯಾಗಿ, ದುಂಡಗೆ ಹೆಣೆದ ಪಾಲಿಯೆಸ್ಟರ್, ಹಳೆಯ ಹಗ್ಗದಷ್ಟೇ ದಪ್ಪದ್ದು. ಹೊಸೆದ ಹಗ್ಗ ಬೇಡ, ಅದು ಮುರಿ ಬಿಚ್ಚಿಕೊಂಡು ಸುರುಳಿ ಬೀಳುತ್ತದೆ. ಹಳದಿ-ನೀಲಿಯ ಅಗ್ಗದ ಪಾಲಿಪ್ರೊಪಿಲೀನ್ ಅಂತೂ ಬೇಡವೇ ಬೇಡ. ಅದು ಬಿಸಿಲಿಗೆ ಪುಡಿಯಾಗುತ್ತದೆ, ಸುಮಾರು 165 ಡಿಗ್ರಿಗೇ ಕರಗುತ್ತದೆ. ಪಾಲಿಯೆಸ್ಟರ್ 250 ಡಿಗ್ರಿ ದಾಟುವವರೆಗೆ ಕರಗುವುದಿಲ್ಲ. ಪೇಟೆಯಲ್ಲಿ ಎಲ್ಲವನ್ನೂ ನೈಲಾನ್ ಎಂದೇ ಮಾರುವುದುಂಟು. ಒಂದು ತುಣುಕನ್ನು ನೀರಿನ ಲೋಟಕ್ಕೆ ಹಾಕಿ, ಗಾಳಿಗುಳ್ಳೆ ಹೋಗುವಂತೆ ಹಿಸುಕಿ ನೋಡಿದರೆ ಸಾಕು. ತೇಲಿದರೆ ಅದು ನೈಲಾನೂ ಅಲ್ಲ, ಪಾಲಿಯೆಸ್ಟರೂ ಅಲ್ಲ.

ಎಚ್‌ಎಂಪಿಇ ಸುಮಾರು 150 ಡಿಗ್ರಿಯೊಳಗೆ ಕರಗುತ್ತದೆ ಎಂದು ಹೆದರಿಸುವವರಿದ್ದಾರೆ. ಇಲ್ಲಿ ಅದು ಮುಖ್ಯವಲ್ಲ. ಗಾಳಿಯಿಂದ ತಂಪಾಗುವ ಎಂಜಿನ್ನಿನಲ್ಲಿ ಫ್ಲೈವೀಲಿನ ರೆಕ್ಕೆಗಳು ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ಈ ಮುಚ್ಚಳದ ಜಾಲರಿಯ ಮೂಲಕವೇ. ಹಗ್ಗ ಇರುವುದು ತಣ್ಣಗಿನ ಬದಿಯಲ್ಲಿ. ಅದಕ್ಕೆ ಬಿಸಿ ತಟ್ಟುವುದು ಹೆಚ್ಚಾಗಿ ಆ ಕಣ್ಣಿನ ಉಜ್ಜಿನಿಂದ.

ಹಿಮದ ನಾಡಿನಲ್ಲಿ ಲೆಕ್ಕ ಕೊಂಚ ಬದಲಾಗುತ್ತದೆ. ಕೆನಡಾದ ವಾಲ್ಕೂರ್‌ನಲ್ಲಿ ಬೊಂಬಾರ್ಡಿಯರ್ ಕಂಪನಿ 1959ರಲ್ಲಿ ಸ್ಕಿ-ಡೂ ತಂದ ಮೇಲೆ ಹಿಮದ ಮೇಲಿನ ಸಣ್ಣ ವಾಹನ ಜಗತ್ತಿಗೆಲ್ಲ ಹಬ್ಬಿತು. ನಮ್ಮಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಸೈನಿಕರು ಸಾಮಾನು ಸಾಗಿಸುವುದೂ ಸ್ನೋ ಸ್ಕೂಟರಿನಲ್ಲೇ. ಅಲ್ಲಿ ನೈಲಾನ್ ನೀರು ಕುಡಿದು ಸ್ವಲ್ಪ ಬಲಗುಂದುತ್ತದೆ, ಕುಡಿದ ನೀರು ಹೆಪ್ಪುಗಟ್ಟಿದರೆ ಹಗ್ಗ ಕೋಲಾಗಿ ರಾಟೆಗೆ ಮರಳಿ ಸುತ್ತುವುದಿಲ್ಲ. ಪಾಲಿಯೆಸ್ಟರಿಗೆ ಆ ಕಾಟ ತೀರಾ ಕಡಿಮೆ. ದೊಡ್ಡ ಎಂಜಿನ್, ಗಟ್ಟಿಯಾದ ಎಣ್ಣೆ, ದಪ್ಪ ಕೈಗವಸು, ಹತ್ತಿರದಲ್ಲಿ ಅಂಗಡಿಯಿಲ್ಲ ಎಂಬ ಕಡೆ ಎಚ್‌ಎಂಪಿಇ ತಿರುಳಿಗೆ ಪಾಲಿಯೆಸ್ಟರ್ ಹೊದಿಕೆ ಹೆಣೆದ ಹಗ್ಗಕ್ಕೆ ಹಣ ಕೊಡುವುದು ಸರಿ ಎಂದು ನನಗನಿಸುತ್ತದೆ. ಹೊದಿಕೆ ಗಂಟು ಹಿಡಿಯುತ್ತದೆ, ತಿರುಳು ಬಲ ಕೊಡುತ್ತದೆ. ಅಲ್ಲಿ ಹಗ್ಗ ಹೋದರೆ ಹೋಗುವುದು ಹಬ್ಬದ ದೀಪವಲ್ಲ, ಮನುಷ್ಯ ಮರಳಿ ಬರುವ ದಾರಿ.

ಇತ್ತ ನಾನಾ ಪೇಟೆಯಲ್ಲಿ ಮಿಸ್ತ್ರಿ ಕಣ್ಣಿನ ಅಂಚಿಗೆ ಮೊದಲು ಅರ ಹಾಕಿ, ಆಮೇಲೆ ನುಣುಪು ಕಾಗದ ಸುತ್ತಿದ ಕಡ್ಡಿ ತೂರಿಸಿ ತಿರುವುತ್ತಿದ್ದಾರೆ. ಹುಡುಗ ಓಡಿಹೋಗಿ 4 ಮಿ.ಮೀ. ಪಾಲಿಯೆಸ್ಟರ್ ತಂದಿದ್ದಾನೆ. ತುದಿಯನ್ನು ಬೆಂಕಿಕಡ್ಡಿಗೆ ಹಿಡಿದು, ಕರಗಿದ್ದನ್ನು ಕಬ್ಬಿಣದ ಚೂರಿನಿಂದ ಒತ್ತಿ ಮೊನಚು ಮಾಡಿ, ರಾಟೆಯ ತೂತಿಗೆ ಪೋಣಿಸಿ, ಎಂಟರ ಆಕಾರದ ಗಂಟು ಹಾಕುತ್ತಾರೆ. ಅಳತೆ ಹೇಳಿಕೊಡುವಾಗ ಮಾತ್ರ ಕೈ ನಿಲ್ಲಿಸುತ್ತಾರೆ: ಹಗ್ಗ ಪೂರಾ ಹೊರಬಂದ ಮೇಲೂ ಸ್ಪ್ರಿಂಗಿಗೆ ಇನ್ನೂ ಸ್ವಲ್ಪ ಸುತ್ತು ಉಳಿದಿರಬೇಕು, ಉದ್ದ ಹೆಚ್ಚಾದರೆ ಪೂರಾ ಎಳೆದ ಪೆಟ್ಟೆಲ್ಲ ಸ್ಪ್ರಿಂಗಿನ ತುದಿಗೆ ಬಿದ್ದು ಅದು ಮುರಿಯುತ್ತದೆ. ರಾಟೆಯನ್ನು ಎರಡು ಮೂರು ಸುತ್ತು ಮೊದಲೇ ತಿರುವಿ ಬಿಗಿ ಕೊಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹಗ್ಗವನ್ನು ಕಣ್ಣಿನಿಂದ ಹೊರಗೆಳೆದು ಹಿಡಿಗೆ ಕಟ್ಟುತ್ತಾರೆ. ಅಷ್ಟು ಹೊತ್ತೂ ಹುಡುಗನ ಮುಖವನ್ನು ಮೊಣಕೈಯಿಂದ ಹಿಂದೆ ಸರಿಸಿರುತ್ತಾರೆ. ಚಿಮ್ಮಿದ ಉಕ್ಕಿನ ಪಟ್ಟಿ ಕಣ್ಣು ತೆಗೆಯಬಲ್ಲದು.

ಮುಚ್ಚಳ ಕೊಡುವಾಗ ಅವರು ಅವನಿಗೆ ಮರಾಠಿಯಲ್ಲಿ ಎಳೆಯುವ ಬಗೆ ಕಲಿಸುತ್ತಾರೆ. ಮೊದಲು ಮೆಲ್ಲಗೆ, ಕೊಕ್ಕೆ ಕಚ್ಚಿದ್ದು ಕೈಗೆ ಗೊತ್ತಾಗುವವರೆಗೆ. ಆಮೇಲೆ ಕಣ್ಣಿನ ನೇರಕ್ಕೆ, ಒಂದೇ ಸಮನೆ ಜೋರಾಗಿ. ಜನರೇಟರ್ ಹೊತ್ತಿಕೊಂಡ ಮೇಲೆ ಹಿಡಿಯನ್ನು ಕೈಬಿಡದೆ ವಾಪಸು ಕಳಿಸಬೇಕು. ಹುಡುಗ ಖಾಲಿ ಕೈಯಲ್ಲೇ ಗಾಳಿಯಲ್ಲಿ ಒಮ್ಮೆ ಎಳೆದು ತೋರಿಸುತ್ತಾನೆ. ಮಿಸ್ತ್ರಿ ಅವನ ಮೊಣಕೈ ಹಿಡಿದು ಇನ್ನೂ ನಾಲ್ಕು ಬೆರಳು ಕೆಳಗಿಳಿಸುತ್ತಾರೆ.