ಹಿರಿಯರ ಆರೈಕೆ: ಕಾನೂನು ಕಂಡದ್ದು, ಕಾಣದ್ದು

ಉದ್ಯೋಗ ನಿಮಿತ್ತ ಹುಟ್ಟೂರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಹಿರಿಯರಲ್ಲಿ ಕೆಲವರು ಊರ ಮನೆಯನ್ನು ಬಿಟ್ಟು ಬರಲೊಪ್ಪದೆ ಅಲ್ಲಿಯೇ ಉಳಿದಿದ್ದಾರೆ. ಇನ್ನು ಕೆಲವರು ಇಲ್ಲಿಯ ಎರಡು ಕೋಣೆಗಳ ಫ್ಲ್ಯಾಟುಗಳಲ್ಲಿ ಮಕ್ಕಳೊಂದಿಗಿದ್ದಾರೆ. ಆರೈಕೆಯ ಭಾರ ಮಾತ್ರ ಎರಡೂ ಕಡೆ ಮನೆಯವರದ್ದೇ, ಅದರಲ್ಲೂ ಹೆಚ್ಚಾಗಿ ಮನೆಯ ಹೆಂಗಸರದ್ದು. 2011ರ ಜನಗಣತಿಯಲ್ಲಿಯೇ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿಯಷ್ಟಿದ್ದರು. ಇವರನ್ನು ನೋಡಿಕೊಳ್ಳುವ ಕುಟುಂಬಗಳಿಗೆ ಸರಕಾರದ ಆಸರೆ ಎಷ್ಟು?

ಈ ವಿಷಯದಲ್ಲಿ ಎಲ್ಲರೂ ಮೊದಲು ಹೆಸರಿಸುವುದು ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯನ್ನು. ಮಕ್ಕಳು ಕೈಬಿಟ್ಟರೆ ನ್ಯಾಯಮಂಡಳಿಯು ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರು ಇರುವ ಜಿಲ್ಲೆಯಲ್ಲಾಗಲಿ, ಮಕ್ಕಳು ವಾಸಿಸುವ ಜಿಲ್ಲೆಯಲ್ಲಾಗಲಿ ಅರ್ಜಿ ಸಲ್ಲಿಸಬಹುದೆಂಬುದು ಹೊರನಾಡಿನ ನಮಗೆ ಗಮನಾರ್ಹ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ ರದ್ದುಪಡಿಸಲೂ ಅವಕಾಶವಿದೆ. ಅಂತಹ ಷರತ್ತು ಇದ್ದಿರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಪತ್ರ ಬರೆಸುವಾಗಲೇ ಷರತ್ತನ್ನೂ ಬರೆಸಿಡುವುದು ಲೇಸು.

ಆದರೆ ಈ ಕಾಯ್ದೆಯ ಕಣ್ಣಿಗೆ ಬೀಳುವುದು ಕರ್ತವ್ಯ ಮರೆತ ಮಕ್ಕಳು. ಹಗಲಿರುಳೆನ್ನದೆ ಹಾಸಿಗೆಯ ಪಕ್ಕದಲ್ಲಿ ಕುಳಿತವರ ವಿಷಯದಲ್ಲಿ ಅದು ಮೌನವಾಗಿದೆ.

2024ರ ಅಕ್ಟೋಬರಿನಿಂದ 70 ತುಂಬಿದ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಯೋಜನೆ ಅನ್ವಯವಾಗಿದ್ದು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ವೆಚ್ಚ ದೊರೆಯುತ್ತದೆ. ಇದು ಸ್ವಾಗತಾರ್ಹ. ಆದರೆ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲಿನ ಆರೈಕೆಯೇ ದೀರ್ಘ. ಮನೆಯಲ್ಲಿ ನೋಡಿಕೊಳ್ಳುವ ದಾದಿಯ ಸಂಬಳ ಈ ಯೋಜನೆಯಲ್ಲಿ ಬರುವುದಿಲ್ಲ. ರಜೆಯ ಮಾತು ಇನ್ನೂ ವಿಚಿತ್ರ. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆಯಿದೆ. ಹೆತ್ತವರಿಗಾಗಿ ಏನಿದೆಯೆಂಬ ಪ್ರಶ್ನೆಗೆ 2025ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ದೊರೆತ ಉತ್ತರ, ಇರುವ ಗಳಿಕೆ ರಜೆಯನ್ನೇ ಬಳಸಿಕೊಳ್ಳಬಹುದೆಂಬುದು. ಜಪಾನಿನಲ್ಲಿ ಆರೈಕೆ ಬೇಕಾದ ಕುಟುಂಬದ ಪ್ರತಿಯೊಬ್ಬ ಸದಸ್ಯರಿಗಾಗಿ ಒಟ್ಟು 93 ದಿನಗಳ ರಜೆಯನ್ನು ಕಾನೂನೇ ಕೊಟ್ಟಿದೆ. 40 ದಾಟಿದವರೆಲ್ಲ ಕಂತು ಕಟ್ಟುವ ಆರೈಕೆ ವಿಮೆ ಅಲ್ಲಿ 2000ದಿಂದಲೇ ಜಾರಿಯಲ್ಲಿದೆ.

ಬ್ಯಾಂಕಿನ ಕೌಂಟರಿನ ಈಚೆ ಕುಳಿತ ನಮಗೆ ನಿತ್ಯ ಕಾಣುವ ಕೊರತೆ ಬೇರೆಯೇ. ಕೈ ನಡುಗಿ ಸಹಿ ಮಾಡಲಾಗದವರಿಗೆ ದಾರಿಯಿದೆ; ಬ್ಯಾಂಕಿನ ಅಧಿಕಾರಿಯೊಬ್ಬರೂ ಸೇರಿದಂತೆ ಇಬ್ಬರು ಸಾಕ್ಷಿಗಳೆದುರು ಹೆಬ್ಬೆಟ್ಟಿನ ಗುರುತು ಸಾಕು. 70 ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ನೀಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಸೂಚಿಸಿತು. ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು. ಇವೆಲ್ಲ ದೇಹ ಸೋತವರ ಮಾತು. ಬುದ್ಧಿಯೇ ಮಸುಕಾದವರ ಮನೆಯವರು ಬಂದಾಗ ನಮ್ಮ ಕೈ ಕಟ್ಟಿಹೋಗುತ್ತದೆ. ತಾಯಿಯ ಹಣ ತಾಯಿಯ ಔಷಧಿಗೇ ಬೇಕೆಂದು ಮಗಳು ಕೇಳಿದರೂ ಕೊಡುವಂತಿಲ್ಲ. ಪವರ್ ಆಫ್ ಅಟಾರ್ನಿ ಇದೆಯಲ್ಲ ಎನ್ನುವವರು ಹಲವರು. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಅಲ್ಲಿಗೇ ಮುಗಿಯಿತೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. ನಾಮನಿರ್ದೇಶನವಾದರೋ ಮರಣಾನಂತರದ ಏರ್ಪಾಡು.

ಇಂತಹವರಿಗೆ ಪಾಲಕರನ್ನು ನೇಮಿಸುವ ಸರಳ ವಿಧಾನವೊಂದು ಕೇಂದ್ರ ಕಾನೂನಿನಲ್ಲಿಲ್ಲ. ಕೋಮಾದಲ್ಲಿರುವವರ ವಿಷಯದಲ್ಲಿ ಕೇರಳ ಉಚ್ಚ ನ್ಯಾಯಾಲಯ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಮುಂಬಯಿಯ ಉಚ್ಚ ನ್ಯಾಯಾಲಯವೂ ಪಾಲಕರನ್ನು ನೇಮಿಸಿದ್ದುಂಟು. ಆದರೆ ಔಷಧಿಯ ಬಿಲ್ಲಿಗಾಗಿ ಮಧ್ಯಮವರ್ಗದ ಮನೆಯೊಂದು ಹೈಕೋರ್ಟಿನ ಮೆಟ್ಟಿಲೇರುವುದು ಸುಲಭವೇ? ಈ ಅಧಿಕಾರವನ್ನು ಜಿಲ್ಲಾ ಮಟ್ಟದಲ್ಲಿ, 2007ರ ಕಾಯ್ದೆಯ ನ್ಯಾಯಮಂಡಳಿಗೇ ಕೊಡಬಹುದೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯತನಕ, ಹಿರಿಯರು ಸ್ವಸ್ಥಚಿತ್ತರಾಗಿರುವಾಗಲೇ, ಅವರ ಒಪ್ಪಿಗೆಯಿಂದ, ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದಾದ ಜಂಟಿ ಖಾತೆಯನ್ನು ತೆರೆದಿಡುವುದೇ ಉಪಾಯ. ಠೇವಣಿಗಳನ್ನು ಒಂದೇ ದೊಡ್ಡ ಮೊತ್ತವಾಗಿಡದೆ, ಬೇರೆಬೇರೆ ತಿಂಗಳುಗಳಲ್ಲಿ ಮುಗಿಯುವಂತೆ ಒಡೆದಿಡಿ. ಜಂಟಿ ಠೇವಣಿಯಾದರೂ ಅವಧಿಗೆ ಮೊದಲೇ ಮುರಿಸಬೇಕಾದರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕಾಗುತ್ತದೆ.